ನರಸಪ್ಪನವರ ಕಂಪ್ಯೂಟರಿಗೆ ಆಳು ಬೇಕು

ಪೀಣ್ಯದ ವಾಲ್ವ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಜನರನ್ನು ನೇಮಿಸುವ ಪರ್ಸನೆಲ್ ಆಫೀಸರ್ ಆಗಿದ್ದ ಸುಬ್ರಹ್ಮಣ್ಯನಿಗೆ, ಜಾಹೀರಾತು ಬರೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಗಟ್ಟಿ ನಂಬಿಕೆಯಿತ್ತು. ವಾಚ್‌ಮನ್ ಬೇಕೆಂದರೂ ಅವನ ಇಂಗ್ಲಿಷು ರಾಜ್ಯಪಾಲರನ್ನು ನೇಮಿಸುವ ಆದೇಶದ ಠೀವಿಯಲ್ಲಿ ಸಾಗುತ್ತಿತ್ತು.

ಎಂಬತ್ತಾರನೇ ಇಸವಿಯಲ್ಲಿ ಮಾಲೀಕ ನರಸಪ್ಪನವರು ಕಂಪ್ಯೂಟರ್ ತರಿಸಿದರು. ಮಾಕಳಿ ಕಡೆಯ ಹೊಲ ಮಾರಿ ಕಾರ್ಖಾನೆ ಕಟ್ಟಿದ್ದ ಅವರಿಗೆ, ಪಕ್ಕದ ಗೇಟಿನ ಕಾರ್ಖಾನೆಯವರ ಬಳಿ ಇರುವುದು ತಮ್ಮ ಬಳಿ ಇಲ್ಲ ಎಂದರೆ ಅನ್ನ ಸೇರುತ್ತಿರಲಿಲ್ಲ. ಬೀರುವಿನಂಥ ಯಂತ್ರ ಲಾರಿಯಿಂದ ಇಳಿಯಿತು. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೆ ಏ.ಸಿ., ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ ಎಲ್ಲ ಆಯಿತು. ಆದರೆ ನಡೆಸಲು ಬಂದವನು ವರ್ಷ ತುಂಬುವ ಮುಂಚೆಯೇ ಬಿಟ್ಟುಹೋದ. ಅಕೌಂಟ್ಸಿನವರು ತಪ್ಪು ಅಂಕಿ ಕೊಟ್ಟು ಸಂಬಳದ ಚೀಟಿ ಕೆಟ್ಟರೆ ಬೈಗುಳ ಅವನಿಗೆ. ಕರೆಂಟು ಹೋದರೂ ಕೂಗು ಅವನಿಗೇ. ಕೊನೆಗೊಂದು ಹಬ್ಬದ ದಿನ ನರಸಪ್ಪನವರು ಅವನ ಮನೆಗೆ ಜೀಪು ಕಳಿಸಿ ಕರೆಸಿಕೊಂಡು, ನಮ್ಮ ಬೀಗರಿಗೆ ಯಂತ್ರ ಓಡಿಸಿ ತೋರಿಸು ಎಂದರು. ಮರುದಿನದಿಂದ ಅವನು ಬರಲಿಲ್ಲ.

"ಈ ಸಲ ನುರಿತೋನನ್ನ ತತ್ತಾರಯ್ಯ," ಎಂದರು ನರಸಪ್ಪ.

ಸುಬ್ರಹ್ಮಣ್ಯ ಪೆನ್ನು ತೆಗೆದ. ಕಂಪನಿಯ ಹೆಸರನ್ನು ದಪ್ಪಕ್ಷರದಲ್ಲಿ ಮೇಲೆ ಹಾಕಿದ. ಕೆಳಗೆ, ಅತ್ಯಂತ ಚುರುಕಿನ, ಒತ್ತಡದಲ್ಲೂ ನಗುಮುಖದಿಂದ ದುಡಿಯಬಲ್ಲ, ಸಮಯದ ಪರಿವೆಯಿಲ್ಲದ ಸಿಸ್ಟಮ್ಸ್ ಇನ್‌ಚಾರ್ಜ್ ಬೇಕಾಗಿದ್ದಾರೆ. ಅಪಾರ ಅನುಭವ ಕಡ್ಡಾಯ, ವಯಸ್ಸು ಇಪ್ಪತ್ತೈದು ಮೀರಿರಬಾರದು. ನಮ್ಮದು ಒಂದು ಕುಟುಂಬ, ಎಂದು ಬರೆದ. ಫ್ಯಾಕ್ಟರಿ ಮ್ಯಾನೇಜರು ಓದಿ, ಟೈಪಿಂಗೂ ಬರಬೇಕು ಅಂತ ಸೇರಿಸಿ ಎಂದರು. ಅಕೌಂಟ್ಸಿನವರು, ಬಿಡುವಿದ್ದಾಗ ಸ್ಟೋರ್ಸ್ ನೋಡಿಕೊಳ್ಳಲಿ ಎಂದರು. ಅದೂ ಸೇರಿತು.

ಭಾನುವಾರದ ಪೇಪರಿನಲ್ಲಿ ಜಾಹೀರಾತು ಬಂತು. ಆಗಷ್ಟೇ ಕಾಲೇಜು ಮುಗಿಸಿದ ಹುಡುಗರು ದಂಡಾಗಿ ಬಂದರು. ಅನುಭವವಿದ್ದವರು ಒಬ್ಬರೇ, ನೆಲಮಂಗಲದ ಚಿಕ್ಕಬೈರಪ್ಪ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು.

"ಸಿಸ್ಟಮ್ಮಲ್ಲಿ ಎಷ್ಟು ವರ್ಷದ ಅನುಭವ?" ಎಂದು ಕೇಳಿದ ಸುಬ್ರಹ್ಮಣ್ಯ.

"ಚಿಕ್ಕಂದಿನಿಂದ್ಲೂ ಅದೇ ಸಾರ್. ಮದುವೆ, ನಾಮಕರಣ, ಎಲೆಕ್ಷನ್ ಎಲ್ಲಾ ಮಾಡಿವ್ನಿ. ಅಲ್ಲಾ, ನಿಮ್ಮ ಆರನ್ ಎಷ್ಟವೆ?"

ಹಾರನ್ನು! ಬಂದಿದ್ದು ಮೈಕ್ ಸೆಟ್ಟಿನ ಸಿಸ್ಟಮ್ಮಿನವರು ಎಂದು ತಿಳಿದಾಗ ಸುಬ್ರಹ್ಮಣ್ಯ ತಲೆಯ ಮೇಲೆ ಕೈಯಿಟ್ಟುಕೊಂಡ. ಅವರಿಗೆ ಕಾಫಿ ಕುಡಿಸಿ ಕಳಿಸಿದ.

ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಗಂಡನಿಗೆ ಪ್ರಭಾ ಹೇಳಿದಳು: "ಇದೇ ವಠಾರದಲ್ಲಿ ಪಂಕಜಾ ಇದಾರಲ್ಲ, ಬೇರಿಂಗ್ ಫ್ಯಾಕ್ಟ್ರೀಲಿ ಕಂಪ್ಯೂಟರ್ ರೂಮೆಲ್ಲಾ ಅವರದ್ದೇ ಉಸ್ತುವಾರಿಯಂತೆ. ಹೋಗಿ ಕೇಳಬಾರದೇ?"

ಪಂಕಜಾ ಹುರುಳಿಕಾಯಿ ಸೋಸುತ್ತ ಕೂತಿದ್ದರು. ನಲವತ್ತರ ಆಸುಪಾಸಿನ, ಮಾತಿಗೆ ಮುಂಚೆ ಕನ್ನಡಕ ಸರಿಪಡಿಸಿಕೊಳ್ಳುವ ಹೆಂಗಸು. ವಿಷಯ ಕೇಳಿ ಅವರ ಕೈ ನಿಂತಿತು.

"ಅಯ್ಯೋ, ಅದು ನೀವು ಬರೆದದ್ದಾ? ನಮ್ಮ ರೂಮಿನ ಬಾಗಿಲಿಗೆ ಅಂಟಿಸಿದೀವಿ. ಬೇಜಾರಾದಾಗ ಒಬ್ಬರು ಓದ್ತಾರೆ, ಮಿಕ್ಕೋರು ನಗ್ತೀವಿ."

ಸುಬ್ರಹ್ಮಣ್ಯನ ಕಿವಿ ಬಿಸಿಯಾಯಿತು. "ನಗೋಂಥದ್ದು ಏನಿದೆ ಅದರಲ್ಲಿ?"

"ಬೇಜಾರು ಮಾಡ್ಕೋಬೇಡಿ. ಈ ಕೆಲಸ ಮಾಡಿ ಪೆಟ್ಟು ತಿಂದೋರು ಓದೋ ರೀತಿನೇ ಬೇರೆ. ಚುರುಕು ಅಂದ್ರೆ ಭಾನುವಾರ ಕರೀತಾರೆ. ಒತ್ತಡ ಅಂದ್ರೆ ಸಾಹೇಬರು ಕಿರುಚ್ತಾರೆ. ಕುಟುಂಬ ಅಂದ್ರೆ ಓವರ್‌ಟೈಮ್ ಕೇಳಬಾರದು. ಅಷ್ಟೆಲ್ಲಾ ಬರೆದ್ರಿ, ಮಷೀನ್ ಯಾವುದು ಅಂತ ಬರೆದ್ರಾ?"

ಬರೆದಿರಲಿಲ್ಲ.

"ಹಿಂದಿನೋನು ಯಾಕೆ ಬಿಟ್ಟ? ಜೊತೆಗೆ ಇನ್ನೊಬ್ಬರಿದಾರಾ, ಇಲ್ಲಾ ಜ್ವರ ಬಂದ್ರೂ ನಾನೇ ಹೋಗಬೇಕಾ? ಲೆಕ್ಕದ ನಕಲು ಎತ್ತಿಡೋ ಬ್ಯಾಕಪ್ಪಿಗೆ ಟೇಪು ಕೇಳಿದ್ರೆ ತಂದುಕೊಡ್ತೀರಾ? ರೂಮಿನ ಬೀಗದ ಕೈ ಯಾರ ಹತ್ರ ಇರುತ್ತೆ? ಇಷ್ಟು ನಿಜ ಹೇಳಿಬಿಡಿ, ಬರೋರು ಬರ್ತಾರೆ. ಹೊಸ ಹುಡುಗರಿಗೆ ಕೆಲಸ ಸಿಕ್ಕರೆ ಸಾಕು. ನಮಗೆ, ನಿಮ್ಮಲ್ಲಿ ಏನು ಕೆಟ್ಟಿದೆ ಅಂತ ಮೊದಲೇ ಗೊತ್ತಾಗಬೇಕು."

ಸುಬ್ರಹ್ಮಣ್ಯನಿಗೆ ಅವಮಾನ ಒಂದು ಕಡೆ, ಆಸೆ ಒಂದು ಕಡೆ. ಮತ್ತೆ ಬರೆಯಲು ಕೂತ. ವಿಶೇಷಣವಿಲ್ಲದೆ ಬರೆಯುವುದು ಅಂಗಿಯಿಲ್ಲದೆ ಬಸ್ ಸ್ಟಾಪಿನಲ್ಲಿ ನಿಂತಂತೆ ಅನ್ನಿಸಿತು. ಆದರೂ ಬರೆದ. ಯಂತ್ರ ಇಂಥದ್ದು. ಕರೆಂಟು ದಿನಾ ಹೋಗುತ್ತದೆ, ಜನರೇಟರ್ ಇದೆ. ಹಿಂದಿನವರು ಬಿಟ್ಟದ್ದು ನಮ್ಮ ತಪ್ಪಿನಿಂದ: ಪರರ ತಪ್ಪಿಗೆ ಅವರನ್ನು ಬೈದೆವು, ಹಬ್ಬಕ್ಕೂ ಕರೆಸಿದೆವು. ಇನ್ನು ಹಾಗೆ ಮಾಡುವುದಿಲ್ಲ. ಒಬ್ಬ ಸಹಾಯಕರನ್ನು ಕೊಡುತ್ತೇವೆ. ಕೇಳಿದಾಗ ಟೇಪು ಕೊಡುತ್ತೇವೆ. ಕೋಣೆಯ ಬೀಗದ ಕೈ ನಿಮ್ಮದೇ.

ಮರುದಿನ ನರಸಪ್ಪನವರ ಮುಂದೆ ನಿಂತು ಅದನ್ನು ಕನ್ನಡದಲ್ಲಿ ಓದಿ ಹೇಳಿದ.

"ತಪ್ಪು ಅಂತ ನಾವೇ ಪೇಪರ್ನಾಗ್ ಆಕಿಸ್ಕೊಂಡ್ರೆ ಮರ್ವಾದೆ ಓಗಲ್ವೇನಯ್ಯಾ?"

"ಹೆಸರು ಹಾಕಿಲ್ಲ ಸಾರ್. ಬಾಕ್ಸ್ ನಂಬರ್ ಮಾತ್ರ, ಅರ್ಜಿ ಪೇಪರಿನವರ ಮೂಲಕ ಬರುತ್ತೆ. ಯಾರ ಮರ್ಯಾದೆ ಅಂತ ಯಾರಿಗೂ ಗೊತ್ತಾಗಲ್ಲ."

ಆ ಕೊನೆಯ ಮಾತು ನರಸಪ್ಪನವರಿಗೆ ಬಹಳ ಹಿಡಿಸಿತು. ತಲೆಯಾಡಿಸಿ, ಕ್ಯಾಂಟೀನಿನ ಲೆಕ್ಕಕ್ಕೆ ಹೊರಳಿದರು.

ಪೇಪರಿನಲ್ಲಿ ಬಂದ ಮೇಲೆ ಪೀಣ್ಯದಲ್ಲಿ ದೊಡ್ಡ ಗಲಿಬಿಲಿ. ಪ್ರತಿ ಕಾರ್ಖಾನೆಯ ಮಾಲೀಕನಿಗೂ ಅದು ತನ್ನದೇ ಕಂಪನಿ ಎಂಬ ಗುಮಾನಿ. ಒಬ್ಬರಂತೂ ತಮ್ಮ ಪರ್ಸನೆಲ್ ಆಫೀಸರನ್ನು ಕರೆದು, ನಮ್ಮ ಮನೆ ವಿಚಾರ ಬೀದಿಗೆ ತಂದೆಯಾ ಎಂದು ಗದರಿಸಿದರಂತೆ. ಇತ್ತ ಅರ್ಜಿಗಳು ಬಂದವು. ಕಾಲೇಜಿನ ಹುಡುಗರದಲ್ಲ, ತಲೆ ನರೆತವರದು, ಮೂರು ಕಡೆ ಕೆಲಸ ಮಾಡಿ ನಾಲ್ಕನೆಯದಕ್ಕೆ ಹೆದರಿ ಕೂತವರದು. ಅವುಗಳ ನಡುವೆ ಪಂಕಜಾ ಅವರದೂ ಇತ್ತು. ಅದನ್ನು ಕಂಡಾಗ ಸುಬ್ರಹ್ಮಣ್ಯನಿಗೆ, ತನ್ನ ಇಪ್ಪತ್ತು ವರ್ಷದ ಇಂಗ್ಲಿಷಿಗೆ ಸಿಗದಿದ್ದ ಸನ್ಮಾನ ಸಿಕ್ಕಂತಾಯಿತು.

ಇಂಟರ್‌ವ್ಯೂ ದಿನ ಪಂಕಜಾ ಕೂತವರೇ ನರಸಪ್ಪನವರನ್ನು ಕೇಳಿದರು: "ಸಾರ್, ಪೇಪರಿನಲ್ಲಿ ಬರೆದದ್ದನ್ನೆಲ್ಲಾ ನಡೆಸಿಕೊಡ್ತೀರಾ?"

"ಬರೆದಿದ್ದು ನಾವೇ ತಾನೇನಮ್ಮಾ? ಟೇಪು ಕೊಡ್ತೀವಿ, ಆಳು ಕೊಡ್ತೀವಿ."

"ಬೀಗದ ಕೈ?"

ನರಸಪ್ಪನವರು ಕಿಟಕಿಯತ್ತ ನೋಡಿದರು. ಕೆಮ್ಮಿದರು. "ಅದೊಂದು ಮಾತ್ರ ನನ್ನತ್ರನೇ ಇರ್ಲಿ ತಾಯಿ."

"ಯಾಕೆ ಸಾರ್?"

"ಯಾಕಂದ್ರೆ..." ಅವರ ದನಿ ಇಳಿಯಿತು. "ಮುದ್ದೆ ಉಂಡ್ಮೇಲೆ ಒಂದ್ ಗಳಿಗೆ ಅಲ್ಲೇ ಮಲಗ್ತೀನಿ. ಇಡೀ ಕಾರ್ಖಾನೇಲಿ ತಣ್ಣಗಿರೋದು ಅದೊಂದೇ ರೂಮು."

ಸುಬ್ರಹ್ಮಣ್ಯ ನಗು ತಡೆಯಲು ಫೈಲಿನಲ್ಲಿ ಮುಖ ಹುದುಗಿಸಿದ. ಪಂಕಜಾ ನಗಲಿಲ್ಲ. "ನಿಮ್ಮ ಛೇಂಬರಿಗೂ ಒಂದು ಏ.ಸಿ. ಹಾಕಿಸಿಕೊಳ್ಳಿ ಸಾರ್."

"ನಾನು ಏ.ಸಿ. ಆಕಿಸ್ಕೊಂಡ್ರೆ ಯೂನಿಯನ್‌ನೋರು ಸುಮ್ನಿರ್ತಾರಾ? ಕಂಪ್ಯೂಟ್ರಿಗೆ ಅಂದ್ರೆ ಯಾರೂ ಕೇಳಲ್ಲ."

ಪಂಕಜಾ ಕೈಚೀಲ ಎತ್ತಿಕೊಂಡು ಎದ್ದರು. "ಹಾಗಾದ್ರೆ ಬರ್ತೀನಿ ಸಾರ್. ಮಲಗಿರೋರನ್ನ ಎಬ್ಬಿಸಿ ಮಷೀನ್ ನೋಡೋ ಅಭ್ಯಾಸ ನನಗಿಲ್ಲ."

ಅವರು ಬಾಗಿಲ ತನಕ ಹೋದದ್ದೇ ನರಸಪ್ಪನವರು ಕೂಗಿದರು. ಪಕ್ಕದ ಗೇಟಿನವರು ಇವರನ್ನು ಹಾರಿಸಿಕೊಂಡು ಹೋದರೆ ಎಂಬ ಯೋಚನೆ ಬಂದಿರಬೇಕು. ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ಮೇಜಿನ ಮೇಲಿಟ್ಟರು, ಮಗಳನ್ನು ಧಾರೆಯೆರೆದವರ ಮುಖದಲ್ಲಿ.

ಪಂಕಜಾ ಬಂದ ಮೇಲೆ ಸಂಬಳದ ಚೀಟಿಯ ಗಲಾಟೆ ನಿಂತಿತು. ತಪ್ಪು ಅಂಕಿ ಬಂದರೆ ಅವರು ಅಕೌಂಟ್ಸಿಗೇ ವಾಪಸು ಕಳಿಸುತ್ತಿದ್ದರು. ಈಗ ಗಲಾಟೆ ಅಲ್ಲಿ. ನರಸಪ್ಪನವರು ಮಾತ್ರ ಮಧ್ಯಾಹ್ನವೆಲ್ಲ ಸೆಕೆಯಲ್ಲಿ ತೂಕಡಿಸಿ, ಎಲ್ಲರ ಮೇಲೆ ರೇಗಿ, ವಾರದೊಳಗೆ ಉಪಾಯ ಕಂಡುಕೊಂಡರು. ಇಂಥ ಅನುಭವಸ್ಥರನ್ನು ಸಂದರ್ಶಿಸುವ ಕೋಣೆಗೆ ಏ.ಸಿ. ಬೇಡವೇ ಎಂದು ಯೂನಿಯನ್ನಿನವರನ್ನೇ ಕೇಳಿ ಒಪ್ಪಿಸಿದರು. ಸುಬ್ರಹ್ಮಣ್ಯನ ರೂಮಿಗೆ ಹೊಸ ಏ.ಸಿ. ಬಂತು, ಜೊತೆಗೆ ಒಂದು ಉದ್ದನೆಯ ಸೋಫಾ ಕೂಡ.

ಅಂದಿನಿಂದ ಊಟವಾದ ಮೇಲೆ ಸುಬ್ರಹ್ಮಣ್ಯ ತನ್ನ ರೂಮಿಗೆ ತಾಗಿದ ಕ್ಯಾಂಟೀನಿನ ಪಡಸಾಲೆಯಲ್ಲಿ ಸ್ಟೂಲು ಹಾಕಿಕೊಂಡು ಇಂಟರ್‌ವ್ಯೂ ಮಾಡುತ್ತಿದ್ದ. ಒಳಗೆ ಪಾತ್ರೆ ತೊಳೆಯುವ ಸದ್ದು, ಎದುರಿಗೆ ವೆಲ್ಡರ್ ಕೆಲಸಕ್ಕೆ ಬಂದವನು. ನಿಮ್ಮಲ್ಲಿ ಕೆಲಸ ಹೇಗಿರುತ್ತೆ ಸಾರ್ ಎಂದು ಅವನು ಕೇಳಿದಾಗ, ಸುಬ್ರಹ್ಮಣ್ಯ ಬೆನ್ನ ಹಿಂದೆ ಮುಚ್ಚಿದ್ದ ತನ್ನ ರೂಮಿನ ಬಾಗಿಲು ತೋರಿಸಿದ.

"ಸ್ವಲ್ಪ ಮೆಲ್ಲಗೆ ಮಾತಾಡಪ್ಪಾ. ಎಲ್ಲಾ ನಿಜ ಹೇಳ್ತೀನಿ, ಕೇಳು."