ದ್ರಾಕ್ಷಾಯಿಣಿಯವರು ವಿಪಿಎನ್ ಆರಿಸಿದ ಕಥೆ

ಈ ಪ್ರಸಂಗವನ್ನು ನಾನು ಇಬ್ಬರ ಬಾಯಿಂದ ಕೇಳಿದ್ದೇನೆ. ಕುಷ್ಟಗಿಯ ಒಂದು ಖಾಸಗಿ ಬೀಜ ಪರೀಕ್ಷಾಲಯದಲ್ಲಿ ಮೊಳಕೆ ಎಣಿಸುವ ಕಾಸೀಮಬೀ ಒಬ್ಬರು, ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೌಲಾಹುಸೇನ ಇನ್ನೊಬ್ಬರು. ಇಬ್ಬರ ಹೇಳಿಕೆ ಬೇರೆಯಾದಲ್ಲಿ ಹಾಗೆಂದು ಸೂಚಿಸಿದ್ದೇನೆ.

ಪರೀಕ್ಷಾಲಯದ ದಾಖಲೆಗಳು ಹದಿನಾಲ್ಕು ವರ್ಷಗಳಿಂದ ದ್ರಾಕ್ಷಾಯಿಣಿಯವರ ಕೈಯಲ್ಲಿದ್ದವು. ಮೊಳಕೆಯ ಎಣಿಕೆಯನ್ನು ತಾಳೆ ನೋಡಿ, ಯಾವ ಬೀಜ ಬಿತ್ತನೆಗೆ ಯೋಗ್ಯ ಎಂದು ಬರೆಯುವ ಕೆಲಸ ಅವರದು. ಈ ಮುಂಗಾರಿನ ಆರಂಭದಲ್ಲಿ ಬದುವಿನ ಮೇಲೆ ಜಾರಿ ಬಿದ್ದು ಅವರ ಕಾಲು ಮುರಿಯಿತು. ಮೂರು ತಿಂಗಳು ಹನುಮಸಾಗರದ ಮನೆ ಬಿಟ್ಟು ಕದಲಬಾರದೆಂದು ವೈದ್ಯರು ಹೇಳಿದರು. ದಾಖಲೆಗಳೋ ಕಚೇರಿಯ ಜಾಲದೊಳಗೆ ಮಾತ್ರ ತೆರೆಯುತ್ತಿದ್ದವು. ವ್ಯವಸ್ಥಾಪಕ ಗೌರೀಶ ಒಳ್ಳೆಯ ಮನುಷ್ಯರು. ಆದರೆ ಬಿತ್ತನೆಯ ಹಂಗಾಮು ಯಾರಿಗೂ ಕಾಯುವುದಿಲ್ಲ. ಶನಿವಾರದೊಳಗೆ ಮನೆಯಿಂದ ಕೆಲಸ ಸಾಗದಿದ್ದರೆ ಸೋಮವಾರ ಕೊಪ್ಪಳದಿಂದ ಬೇರೊಬ್ಬರು ತಾತ್ಕಾಲಿಕವಾಗಿ ಬರುತ್ತಾರೆ ಎಂದು ತಿಳಿಸಿದರು. ತಾತ್ಕಾಲಿಕವಾಗಿ ಕುಳಿತವರು ಆ ಕಚೇರಿಯಲ್ಲಿ ಎದ್ದುಹೋದದ್ದನ್ನು ಯಾರೂ ಕಂಡಿರಲಿಲ್ಲ.

ಹೊರಗಿನಿಂದ ಕಚೇರಿಯ ಜಾಲಕ್ಕೆ ಭದ್ರವಾಗಿ ಬರಲು ವಿಪಿಎನ್ ಎಂಬ ದಾರಿ ಬೇಕು. ಅಲ್ಲಿನ ಕಂಪ್ಯೂಟರುಗಳೆಲ್ಲ ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವಂಥವು. ಅದಕ್ಕೂ ಹೊಂದುವಂಥದ್ದನ್ನು ಹುಡುಕಿ ಮೌಲಾಹುಸೇನ ಮೂರನ್ನು ತಂದರು. ಕಚೇರಿಯಲ್ಲೇ ಒಂದು ಕಂಪ್ಯೂಟರಿಗೆ ಹಾಕಿ ನೋಡಿದರು. ಮೂರರಲ್ಲೂ ದಾಖಲೆ ತೆರೆಯಿತು. ಪರದೆ ಚಂದವಾಗಿದ್ದ ಮೊದಲನೆಯದನ್ನು ಗೌರೀಶ ಮೆಚ್ಚಿದರು. ಕಂಪ್ಯೂಟರ್ ಜೀಪಿನಲ್ಲಿ ಹನುಮಸಾಗರಕ್ಕೆ ಹೋಯಿತು. ಅಲ್ಲಿ ಪರದೆಯ ಮೇಲೆ ದಾರಿ ಕೂಡಿದೆ ಎಂಬ ಹಸಿರು ಗುರುತೇನೋ ಬಂತು, ದಾಖಲೆ ಬರಲಿಲ್ಲ. ಅಂದು ಬುಧವಾರ. ಕಾಸೀಮಬೀ ಪ್ರಕಾರ ಗುರುವಾರ.

“ಇಲ್ಲಿ ಛಲೋ ನಡದಿತ್ತಲ್ರಿ ಅಕ್ಕಾರ!” ಎಂದರು ಗೌರೀಶ, ಫೋನಿನಲ್ಲಿ.

“ಎಲ್ಲಿ ಕುಂತು ನೋಡಿದ್ರಿ ಸರ?”

“ಆಫೀಸಿನ್ಯಾಗ.”

“ಆಫೀಸಿನ್ಯಾಗ ವಿಪಿಎನ್ ಇಲ್ಲದನೂ ದಾಖಲಿ ತೆರೀತೈತಿ. ಒದ್ದಿ ಕಾಗದದ ಸುರುಳ್ಯಾಗ ಮೊಳಕಿ ಬಂತಂದ್ರ ನಾವು ಅಷ್ಟಕ್ಕ ಬಿಡ್ತೀವೇನು? ಹಿಡಿ ಬೀಜ ಹೊಲದ ಮಣ್ಣಾಗ ಊರೂದಿಲ್ಲೇನು? ತಾನ ಹುಟ್ಟಿದ್ದು ಯಾವದು, ನಾವು ಊರಿದ್ದು ಯಾವದು ಗೊತ್ತಾಗ್ಲಿ ಅಂತ ಮಗ್ಗಲಕ ಒಂದು ಮಡಿ ಖಾಲಿ ಬಿಡೂದಿಲ್ಲೇನು? ಬೀಜಕ್ಕ ಒಂದು ಕಾನೂನು, ಇದಕ್ಕೊಂದಾ?”

 ಗೌರೀಶರ ಪಕ್ಕದ ಮೇಜಿನಲ್ಲಿದ್ದ ಕಾಸೀಮಬೀ ಫೋನಿನ ಆ ದನಿ ಕೇಳಿ ಸೆರಗು ಬಾಯಿಗಿಟ್ಟು ನಕ್ಕರಂತೆ.

ಶುಕ್ರವಾರ ಮುಂಜಾನೆ ಮೌಲಾಹುಸೇನ ಉಳಿದೆರಡನ್ನು ಹಿಡಿದು ಹನುಮಸಾಗರಕ್ಕೆ ಬಂದರು. ಇಂಟರ್ನೆಟ್ ಬರುತ್ತಿದ್ದದ್ದು ಅತ್ತೆ ಕಳಕಮ್ಮನ ಫೋನಿನಿಂದ. ದ್ರಾಕ್ಷಾಯಿಣಿ ಮಂಚದಿಂದಲೇ ಪರೀಕ್ಷೆಯ ಕ್ರಮ ಹೇಳಿದರು: ಮೊದಲು ವಿಪಿಎನ್ ಬಂದ್ ಮಾಡಿ ದಾಖಲೆ ಮುಚ್ಚಿದೆಯೇ ನೋಡಬೇಕು, ಆಮೇಲೆ ಹಚ್ಚಿ ತೆರೆಯುತ್ತದೆಯೇ ನೋಡಬೇಕು.

ಎರಡನೆಯದು ತೆರೆಯಿತು. ಆದರೆ ಹಚ್ಚುವಾಗಲೆಲ್ಲ ಉದ್ದನೆಯ ಆಜ್ಞೆಯೊಂದನ್ನು ಟೈಪು ಮಾಡಬೇಕಿತ್ತು. ಕಳಕಮ್ಮನಿಗೆ ಕರೆ ಬಂದರೆ ಇಂಟರ್ನೆಟ್ ಕಡಿಯುತ್ತಿತ್ತು, ವಿಪಿಎನ್ನೂ ಬೀಳುತ್ತಿತ್ತು, ಮತ್ತೆ ಮೊದಲಿನಿಂದ ಟೈಪು. ಹೀಗೆ ಮೂರು ಸಲ ಆಯಿತು.

“ತಮ್ಮಾ, ನಿನ್ನ ಮಷೀನಿನ ಸಲುವಾಗಿ ನಾ ಮಗಳ ಕೂಡ ಮಾತು ಬಿಡ್ಲೇನು?” ಎಂದರು ಕಳಕಮ್ಮ.

“ಬ್ಯಾಡವ್ವ, ಮಾತಾಡ್ರಿ. ನೀವು ಮಾತಾಡಿದ್ರನ ಇದರ ಬಣ್ಣ ಬಯಲಾಗೋದು.”

ಮೂರನೆಯದು ಯಾವ ಕಂಪನಿಯ ಸರಕೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಮುಕ್ತ ತಂತ್ರಾಂಶ. ಅದನ್ನು ಹಚ್ಚುವ ಗುಂಡಿ ಲಿನಕ್ಸ್‌ನ ಸೆಟ್ಟಿಂಗಿನೊಳಗೇ ಇತ್ತು. ಬಂದ್ ಮಾಡಿದರು, ದಾಖಲೆ ಮುಚ್ಚಿತು. ಹಚ್ಚಿದರು, ತೆರೆಯಿತು. ಕಳಕಮ್ಮ ಫೋನು ಹಿಡಿದು ಆಡಿನ ಕೊಟ್ಟಿಗೆಯತನಕ ಹೋಗಿ, ಮಗಳ ಕೂಡ ಮನಸಾರೆ ಮಾತಾಡಿ ಬಂದರು. ದಾರಿ ಕಡಿದಿತ್ತು, ಅವರು ಹೊಸ್ತಿಲು ದಾಟುವಷ್ಟರಲ್ಲಿ ತಾನಾಗಿ ಕೂಡಿಕೊಂಡಿತು.

ಗೌರೀಶರಿಗೆ ಒಂದು ಅಳುಕು ಉಳಿದಿತ್ತು. ಸಂಜೆ ಮೌಲಾಹುಸೇನ ಕಚೇರಿಗೆ ಮರಳಿದಾಗ ಕೇಳಿದರು: “ಅದಕ್ಕ ಕಂಪನಿನ ಇಲ್ಲಂತಲ್ಲೋ ಮೌಲಾ. ನಾಳಿ ಕೆಟ್ರ ಯಾರ ಕೊಳ್ಳಪಟ್ಟಿ ಹಿಡೀಲಿ?”

“ನಂದ ಹಿಡೀರಿ ಸರ. ಆ ಕಂಪನಿಯವರ ಕೊಳ್ಳಪಟ್ಟಿ ಭಾಳ ದೂರ ಅದಾವು, ನಿಮ್ಮ ಕೈಗೆ ಹತ್ತೂದಿಲ್ಲ.”

ಶನಿವಾರ ಹನ್ನೊಂದರ ಹೊತ್ತಿಗೆ ಕುಷ್ಟಗಿಯ ಪರದೆಯ ಮೇಲೆ, ‘ತಪಾಸಣೆ ಮಾಡಿದವರು’ ಎಂಬ ಕಡೆ ದ್ರಾಕ್ಷಾಯಿಣಿಯವರ ಹೆಸರು ಮೂಡತೊಡಗಿತು. ಒಂದು, ಎರಡು, ಆರು ಬೀಜದ ಮಾದರಿಗಳ ವರದಿ. ಗೌರೀಶ ಅಷ್ಟನ್ನೂ ಓದಿ ಫೋನು ಮಾಡಿದರು.

“ಕೊಪ್ಪಳದವರಿಗೆ ಬರೂದು ಬ್ಯಾಡಂತ ಹೇಳೀನ್ರಿ ಅಕ್ಕಾರ.”

 ಕೊನೆಯ ಹೊಂದಾಣಿಕೆಗೆಂದು ಬಂದು ಮಂಚದ ಹತ್ತಿರವೇ ಕುಳಿತಿದ್ದ ಮೌಲಾಹುಸೇನ, ದ್ರಾಕ್ಷಾಯಿಣಿ ಮುಖ ಗೋಡೆಯ ಕಡೆ ತಿರುಗಿಸಿದ್ದನ್ನು ಕಂಡರು. ತಿರುಗಿದಾಗ ಹದಿನಾಲ್ಕು ವರ್ಷದ ಅದೇ ದನಿ ಬಂದಿತ್ತು.

“ಸರ, ಹದಿನೆಂಟನೇ ಸುರುಳಿ ಮೊಳಕಿ ಎಣಿಕಿ ನಿನ್ನಿ ಬರಬೇಕಿತ್ತು. ಜಾಗಾ ಖಾಲಿ ಐತಿ. ಆ ಕಾಸೀಮಬೀನ್ನ ಒಂದೀಟು ಫೋನಿಗೆ ಕರೀರಿ.”

ಈ ಮಾತು ಮೌಲಾಹುಸೇನರ ಹೇಳಿಕೆಯಲ್ಲಿ ಮಾತ್ರ ಇದೆ.