ಪದವಿ ಇಳಿಸಿಕೊಡಬೇಕಾಗಿ ವಿನಂತಿ

ಮಾವನ ಅಂಗಿಯ ಎಡಜೇಬಿಗೆ ಇರುವೆ ಮುತ್ತುವುದು ಆ ಮನೆಯಲ್ಲಿ ಹೊಸದೇನೂ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಬಟ್ಟೆ ನೆನೆಸುವ ಮುಂಚೆ ಜೇಬು ತಡವಿ, ಬೆರಳಿಗೆ ಅಂಟಂಟಾಗಿ ಸಿಕ್ಕಿದ್ದನ್ನು ನೋಡಿ ಬೆಚ್ಚಿದ್ದಳು. ಮೂಸಿ ನೋಡಿದರೆ ಸಕ್ಕರೆ. ವಿಚಿತ್ರವೆಂದರೆ ಮಾವ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವವರೇ ಅಲ್ಲ. ಆದರೂ ಅವರ ಪಾಲಿನ ಒಂದು ಚಮಚ ಲೋಟದ ಪಕ್ಕಕ್ಕೆ ಬರಲೇಬೇಕು. ಅದನ್ನು ಕಾಗದದ ಚೂರಿನಲ್ಲಿ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋಗುವರು. ಒಮ್ಮೆ ಕೇಳಿಯೇಬಿಟ್ಟಿದ್ದಳು.

"ಅಭ್ಯಾಸ ಕಣಮ್ಮ," ಎಂದಿದ್ದರು. ಅಲ್ಲಿಗೆ ಮಾತು ಮುಗಿದಿತ್ತು.

ಸಂತೆಗೆ ಹೋದರೆ ಇನ್ನೊಂದು ಅಭ್ಯಾಸ. ಎಷ್ಟೇ ತರಕಾರಿ ಕೊಳ್ಳಲಿ, ಮಾವ ಅದನ್ನು ಎರಡು ಚೀಲಕ್ಕೆ ಹಂಚಬೇಕು. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ ತೂಗಿ, ಈ ಚೀಲದಿಂದ ಒಂದು ಗಡ್ಡೆ ತೆಗೆದು ಆ ಚೀಲಕ್ಕೆ ಹಾಕಿ, ಮತ್ತೆ ಎತ್ತಿ ನೋಡುವರು. ತರಕಾರಿಯವಳು ತಮಾಷೆ ಮಾಡುತ್ತಿದ್ದಳು. "ಅಕ್ಕಾ, ತಕ್ಕಡಿ ಇರೋದು ನನ್ನ ಹತ್ರ. ನಿಮ್ಮ ಮಾವ ಯಾಕೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ?"

ವಯಸ್ಸಾದವರ ಚಾಳಿ ಎಂದು ಸೊಸೆ ಎರಡನ್ನೂ ಮನಸ್ಸಿನ ಒಂದು ಮೂಲೆಗೆ ತಳ್ಳಿದ್ದಳು. ಆದರೆ ತಳ್ಳಿದ್ದು ಅಲ್ಲೇ ಕೂತು ಆಗಾಗ ಕೆರೆಯುತ್ತಿತ್ತು.

ಆ ಬೆಳಿಗ್ಗೆ, ಮಾವ ಹಿಂದೆ ಕೆಲಸ ಮಾಡಿದ್ದ ಸೈನ್ಯದ ದಂಡಿನಿಂದ ಒಂದು ಕಾಗದ ಬಂತು. ಹಿಂದೆ ಹಿಮದ ಕಣಿವೆಯಲ್ಲಿ ಸಿಕ್ಕಿಬಿದ್ದ ಚೌಕಿಯನ್ನು ಉಳಿಸಿದವರ ನೆನಪಿಗೆ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಅದರ ಮೇಲೆ ಕೆತ್ತುವ ಹೆಸರು, ಪದವಿ ಸರಿಯಾಗಿದೆಯೇ ಎಂದು ನೋಡಿ, ಸಹಿ ಹಾಕಿ, ತಿಂಗಳೊಳಗೆ ಕಳಿಸಬೇಕಂತೆ. ಗಂಡ ಅದನ್ನು ಓಣಿಗೆಲ್ಲ ಕೇಳುವ ಹಾಗೆ ಓದಿದ. ಕೆಳಗೆ ಅವನ ಅಂಗಡಿ, ಮೇಲೆ ಮನೆ. ಅಂಗಡಿಯ ಹಣೆಯ ಮೇಲೆ 'ಹವಾಲ್ದಾರ್ ಸೈಕಲ್ ಶಾಪ್' ಎಂಬ ಕೆಂಪು ಅಕ್ಷರಗಳು.

"ಪದವಿ ತಪ್ಪಾಗಿದೆ," ಎಂದರು ಮಾವ.

"ನನಗೆ ಗೊತ್ತಿತ್ತು!" ಗಂಡ ತೊಡೆ ತಟ್ಟಿದ. "ಸುಬೇದಾರ್ ಅಂತ ಇರಬೇಕಿತ್ತು ಅಲ್ವಾ ಅಪ್ಪ?"

"ಅಲ್ಲ. ಸಿಪಾಯಿ ಅಂತ ಇರಬೇಕಿತ್ತು."

ಗಂಡನ ಮುಖ ಗಾಳಿ ಬಿಟ್ಟ ಟ್ಯೂಬಿನಂತಾಯಿತು. "ಏನಪ್ಪಾ ಇದು? ಜನ ಮೇಲೆ ಹತ್ತೋಕೆ ಅರ್ಜಿ ಹಾಕ್ತಾರೆ, ನೀನು ಇಳಿಯೋಕೆ ಹಾಕ್ತೀಯಾ? ನಾಳೆ ಬೋರ್ಡ್ ಮೇಲೆ ಸಿಪಾಯಿ ಸೈಕಲ್ ಶಾಪ್ ಅಂತ ಬರೆಸ್ಲಾ? ಎದುರಿನ ಕ್ಷೌರದಂಗಡಿಯವನು ಗಿರಾಕಿ ಕೆನ್ನೆ ಕುಯ್ಯೋ ಹಾಗೆ ನಗ್ತಾನೆ!"

ಗಂಡ ದಡದಡನೆ ಮೆಟ್ಟಿಲಿಳಿದು ಹೋದ.

ಸೊಸೆ ಹುರುಳಿಕಾಯಿ ಸೋಸುತ್ತಿದ್ದಳು. ಮಾವ ಬಿಳಿ ಹಾಳೆ, ಪೆನ್ನು ತಂದು ಅವಳ ಮುಂದಿಟ್ಟರು. "ನನ್ನ ಕೈ ನಡುಗುತ್ತೆ. ನೀನೇ ಬರೆದುಕೊಡು ತಾಯಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬರೆದಳು. 'ವಿಷಯ: ಸೇವಾ ದಾಖಲೆಯಲ್ಲಿ ನನ್ನ ಪದವಿಯನ್ನು ಹವಾಲ್ದಾರನಿಂದ ಸಿಪಾಯಿಗೆ ಇಳಿಸಿಕೊಡಬೇಕಾಗಿ ವಿನಂತಿ.' ಬರೆಯುವಾಗಲೇ ನಗು ಬಂತು, ತುಟಿ ಕಚ್ಚಿಕೊಂಡಳು.

"ಕಾರಣ ಏನಂತ ಬರೀಲಿ ಮಾವ?"

"ತಪ್ಪಾಗಿದೆ ಅಂತ ಬರಿ."

"ಯಾರ ತಪ್ಪಿಂದ ಅಂತ ಕೇಳ್ತಾರಲ್ಲ?"

ಮಾವ ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ಬಿಡಿಸಿದರು. "ಸಕ್ಕರೆಯಿಂದ," ಎಂದರು.

ಸೊಸೆ ಪೆನ್ನು ಕೆಳಗಿಟ್ಟಳು. ಇಷ್ಟು ವರ್ಷ ಅಂಗಿ ಒಗೆದವಳು ಅವಳು. ಆ ಮಾತು ಕೇಳಿ ಸುಮ್ಮನೆ ಬಿಡುವ ಹೆಂಗಸಲ್ಲ. ಒಲೆ ಆರಿಸಿ, ಕಾಲು ಮಡಚಿ ಕೂತಳು. "ಮೊದಲಿಂದ ಹೇಳಿ."

"ನಾನು ಬಂದೂಕು ಹಿಡಿದು ಮೆರೆದವನಲ್ಲಮ್ಮ. ಹೇಸರಗತ್ತೆ ಹೊಡೀತಿದ್ದೆ. ಮೇಲಿನ ಚೌಕಿಗೆ ಲಾರಿ ಹೋಗಲ್ಲ. ಔಷಧಿ, ಊಟ, ಎಲ್ಲಾ ಕತ್ತೆ ಬೆನ್ನ ಮೇಲೆ. ನನ್ನ ಪಾಲಿಗೆ ಬಂದವಳು ಒಬ್ಬ ಕರಿ ಹೆಣ್ಣು. ಎಲ್ಲರೂ ದೊಡ್ಡಮ್ಮ ಅಂತಿದ್ರು."

"ಕತ್ತೆಗೆ ದೊಡ್ಡಮ್ಮ ಅಂತಿದ್ರಾ?"

"ನೀನು ನೋಡಿದ್ರೆ ನೀನೂ ಅಂತಿದ್ದೆ. ಎಲ್ಲ ಅವಳು ಹೇಳಿದ ಹಾಗೇ ಆಗಬೇಕು. ಹೇರು ಎಡಕ್ಕೆ ಒಂದು ಹಿಡಿ ಹೆಚ್ಚಾದ್ರೂ ಅಲ್ಲೇ ನಿಂತು ತಲೆ ತಿರುಗಿಸಿ ನನ್ನ ಮುಖ ನೋಡೋಳು. ನಿನಗೆ ಇಷ್ಟೂ ಬರಲ್ವಾ ಅನ್ನೋ ಹಾಗೆ. ಇಳಿಸಿ, ತೂಗಿ, ಮತ್ತೆ ಕಟ್ಟಬೇಕು."

ಸೊಸೆಯ ಕಣ್ಣಿಗೆ ಸಂತೆಯ ಎರಡು ಚೀಲಗಳು ಕಟ್ಟಿದವು.

"ಆ ಸಲ ಹಿಮ ಬಿದ್ದು ಚೌಕಿಯವರು ಮೇಲೇ ಸಿಕ್ಕಿಬಿದ್ರು. ಔಷಧಿ ಹೇರಿಕೊಂಡು ನಾವಿಬ್ರೇ ಹೊರಟ್ವಿ. ದಾರಿಯಲ್ಲಿ ನನ್ನ ಕಾಲು ಜಾರಿತು. ಕೊರಕಲಿಗೆ ಬಿದ್ದೆ, ಮೂಳೆ ಮುರೀತು. ಮೇಲೆ ಅವಳ ಕಿವಿ ಮಾತ್ರ ಕಾಣ್ತಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದ್ಲು. ಆಮೇಲೆ ಹೊರಟೇ ಹೋದ್ಲು. ಎಷ್ಟು ಬೈದೆ ಅಂತೀಯಾ! ಬಾಯಿಗೆ ಬಂದ ಹಾಗೆ ಬೈದೆ."

"ಮನೆ ಕಡೆ ಓಡಿಹೋದ್ಲಾ?"

"ಕೆಳಗೆ ಲಾಯ, ಬೆಚ್ಚಗಿನ ಹುಲ್ಲು. ಅತ್ತ ಹೋಗ್ಲಿಲ್ಲ. ಮೇಲಕ್ಕೆ ಹೋದ್ಲು, ಒಬ್ಬಳೇ. ಚೌಕಿ ಬಾಗಿಲಲ್ಲಿ ಹೇರು ಇಳಿಸಿಕೊಂಡ್ರು. ಆದ್ರೆ ಒಳಗೆ ಕಟ್ಟೋಕೆ ಹೋದ್ರೆ ಬರಲೊಲ್ಲಳು. ನಾಲ್ಕು ಹೆಜ್ಜೆ ದಾರಿಗಿಳೀತಾಳೆ, ನಿಂತು ತಿರುಗಿ ನೋಡ್ತಾಳೆ. ಮತ್ತೆ ನಾಲ್ಕು ಹೆಜ್ಜೆ. ಕೊನೆಗೆ ಇಬ್ಬರು ಅವಳ ಹಿಂದೆ ಬಂದ್ರು. ಹಾಗೆ ನಾನು ಸಿಕ್ಕಿದೆ."

ಸೊಸೆ ಕೂತಲ್ಲೇ ಅವರ ಹತ್ತಿರಕ್ಕೆ ಸರಿದಳು.

"ದಾರಿ ತೆರೆದ ಮೇಲೆ ಕಮಾಂಡರ್ ಸಾಹೇಬ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ರು. ಹವಾಲ್ದಾರರು ತೋಳಿಗೆ ಹಾಕೋ ಪಟ್ಟಿಯನ್ನ ಅವಳ ಕೊರಳಪಟ್ಟಿಗೆ ಹೊಲಿಸಿ, ಇವತ್ತಿಂದ ಇವಳು ಹವಾಲ್ದಾರ್, ಹವಾಲ್ದಾರನ ಪಾಲಿನ ಸಕ್ಕರೆ ಇವಳಿಗೆ, ಅಂದ್ರು. ಎಲ್ಲ ಸಲಾಮು ಹೊಡೆದ್ರು. ನಾನೂ ಡೋಲಿ ಮೇಲೆ ಮಲಗಿಕೊಂಡೇ ಹೊಡೆದೆ. ಅವಳು ಆಕಳಿಸಿದ್ಲು."

"ಆಮೇಲೆ?"

"ಆಮೇಲೆ ಉಗ್ರಾಣದವನಿಗೆ ಪೇಚಿಗಿಟ್ಟುಕೊಂಡಿತು. ಪ್ರಾಣಿಗಳ ಲೆಕ್ಕದಲ್ಲಿ ಹುಲ್ಲಿದೆ, ಕಾಳಿದೆ, ಉಪ್ಪಿದೆ. ಸಕ್ಕರೆ ಇಲ್ಲ. ಸಾಹೇಬ್ರ ಮಾತು ಮೀರೋಹಾಗಿಲ್ಲ, ಲೆಕ್ಕನೂ ತಪ್ಪೋಹಾಗಿಲ್ಲ. ಏನು ಮಾಡಿದ ಗೊತ್ತಾ? ಅವಳನ್ನ ಹೊಡೆಯೋನು ನಾನು ತಾನೇ, ನನ್ನ ಹೆಸರಿನ ಮುಂದೆ ಹವಾಲ್ದಾರ್ ಅಂತ ಹಾಕಿ ಸಕ್ಕರೆ ತೆಗೆದ. ಅಲ್ಲಿಂದ ಅದು ಸಂಬಳದ ಪಟ್ಟಿಗೆ ಹೋಯ್ತು, ಅಲ್ಲಿಂದ ದಾಖಲೆಗೆ. ನಾನು ಆಸ್ಪತ್ರೆಯಿಂದ ಬಂದು ನೋಡ್ತೀನಿ, ನಾನೇ ಹವಾಲ್ದಾರ!"

"ಆಗ್ಲೇ ಹೇಳಬಾರದಿತ್ತಾ?"

"ಹೇಳಿದೆ. ಸರಿಮಾಡ್ತೀವಿ, ಆದ್ರೆ ಅವಳ ಸಕ್ಕರೆ ನಿಲ್ಲುತ್ತೆ, ಅಂದ್ರು." ಮಾವ ನಾರುಗಳನ್ನು ಒಟ್ಟುಮಾಡಿ ಒಂದು ಕಡೆ ಇಟ್ಟರು. "ನನ್ನ ಜೇಬಿಗೆ ಬಾಯಿ ಹಾಕಿ ತಿನ್ನೋಳು. ಅದನ್ನ ಹೇಗಮ್ಮ ತಪ್ಪಿಸ್ಲಿ? ಕಾಗದದಲ್ಲಿದ್ರೆ ಇರ್ಲಿ ಬಿಡು ಅಂದ್ಕೊಂಡೆ. ಈಗ ಕಲ್ಲಿನ ಮೇಲೆ ಬರೀತಾರೆ. ಕಲ್ಲಿಗೆ ಹೋದ್ರೆ ಮುಗೀತು. ನನ್ನನ್ನ ಓದ್ತಾರೆ. ಅವಳಿದ್ದಳು ಅಂತ ಯಾರಿಗೆ ಗೊತ್ತಾಗುತ್ತೆ?"

ಮರುದಿನ ಇಬ್ಬರೂ ದಾಖಲೆ ಕಚೇರಿಗೆ ಹೋದರು. ಉದ್ದನೆಯ ಕೋಣೆ, ತಿರುಗಲೋ ಬೇಡವೋ ಎಂದು ತಿರುಗುವ ಫ್ಯಾನು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಅರ್ಜಿ ಓದಿದಳು, ಕನ್ನಡಕ ತೆಗೆದಳು, ಒರೆಸಿ ಹಾಕಿಕೊಂಡು ಮತ್ತೆ ಓದಿದಳು.

"ಅಜ್ಜ, ಪದವಿ ಏರಿಸೋಕೆ ನಮ್ಮಲ್ಲಿ ಫಾರಂ ಇದೆ. ಇಳಿಸೋಕೆ ಇಲ್ಲ."

"ಹಾಗಾದ್ರೆ ಯಾರನ್ನೂ ಇಳಿಸೋದೇ ಇಲ್ವಾ?"

"ತಪ್ಪು ಮಾಡಿದ್ರೆ ಇಳಿಸ್ತಾರೆ. ನೀವೇನಾದ್ರೂ ತಪ್ಪು ಮಾಡಿದ್ದೀರಾ?"

ಮಾವ ಗಂಭೀರವಾಗಿ ಯೋಚಿಸಿದರು. "ಕೊರಕಲಿಗೆ ಬಿದ್ದೆ. ಬಿದ್ದು ನನ್ನ ಮೇಲಿನ ಅಧಿಕಾರಿಗೆ ಬೈದೆ."

"ಯಾವ ಅಧಿಕಾರಿ?"

"ದೊಡ್ಡಮ್ಮ," ಎಂದು ಸೊಸೆಯೇ ಹೇಳಿಬಿಟ್ಟಳು. ಆಮೇಲೆ ಕಥೆಯನ್ನೆಲ್ಲ ಹೇಳಬೇಕಾಯಿತು. ಅವಳು ಬಿಟ್ಟದ್ದನ್ನು ಮಾವ ಸೇರಿಸಿದರು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುವುದನ್ನು ಬಿಟ್ಟು ಕಿವಿಯಾನಿಸಿದರು. ಗುಮಾಸ್ತೆಯ ಚಹಾ ಮೇಜಿನ ಮೇಲೆ ಕೆನೆಗಟ್ಟಿತು.

"ದಾಖಲೆ ತಿದ್ದಬೇಕಾದ್ರೆ ಆ ಕಮಾಂಡರ್ ಇರಬೇಕು, ಇಲ್ಲಾ ಕಣ್ಣಾರೆ ಕಂಡವರು ಒಬ್ಬರಾದ್ರೂ ಇರಬೇಕು," ಎಂದಳು ಕೊನೆಗೆ.

"ಕಂಡವರಲ್ಲಿ ಉಳಿದಿರೋನು ನಾನೊಬ್ಬನೇ."

"ನಿಮ್ಮ ಅರ್ಜಿಗೆ ನೀವೇ ಸಾಕ್ಷಿ ಆಗೋಹಾಗಿಲ್ಲ ಅಜ್ಜ."

ಮಾವ ತಲೆ ಆಡಿಸಿದರು. ಕೈ ಎಡಜೇಬಿಗೆ ಹೋಗಿ ಅಲ್ಲೇ ನಿಂತಿತು. ಸೊಸೆ ಆ ಕೈ ನೋಡಿದಳು. ಸುಮ್ಮನೆ ವಾಪಸು ಹೋಗಲು ಮನಸ್ಸಾಗದೆ ಕಿಟಕಿಗೆ ಇನ್ನಷ್ಟು ಬಾಗಿದಳು.

"ಮೇಡಂ, ದಾಖಲೆ ಬಿಡಿ. ಕಲ್ಲಿನ ಮೇಲೆ ಪದವಿ ಹಾಕಲೇಬೇಕು ಅಂತ ಇದೆಯಾ? ಬರೀ ಹೆಸರು ಸಾಕು ಅಂದ್ರೆ?"

ಗುಮಾಸ್ತೆ ದಂಡಿನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಬೇಡ ಅನ್ನೋರಿಗೆ ಬಿಡಬಹುದು. ಪದವಿ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕ್ಲಿ. ಆದ್ರೆ..." ಅವಳು ದನಿ ತಗ್ಗಿಸಿದಳು. "ದೊಡ್ಡಮ್ಮನ ಹೆಸರು ಸೇರಿಸೋಕೆ ನನ್ನ ಕೈಲಾಗಲ್ಲ ಅಜ್ಜ. ಆಗೋ ಹಾಗಿದ್ದಿದ್ರೆ ಸೇರಿಸ್ತಿದ್ದೆ."

ಮಾವ ಪೆನ್ನು ತೆಗೆದುಕೊಂಡರು. ಗೆರೆ ನಡುಗಿತು, ಆದರೆ ಪೂರ್ತಿ ಎಳೆದರು. ಏಳುವಾಗ ಗುಮಾಸ್ತೆ ಕೇಳಿದಳು. "ಅಜ್ಜ, ಸಲಾಮು ಹೊಡೆದಾಗ ಅವಳು ನಿಜವಾಗ್ಲೂ ಆಕಳಿಸಿದ್ಲಾ?"

"ನಿಜವಾಗ್ಲೂ. ಹಲ್ಲೆಲ್ಲ ಕಾಣೋ ಹಾಗೆ."

ಸಂಜೆ ಸೊಸೆ ಅಂಗಡಿಗೆ ಚಹಾ ತೆಗೆದುಕೊಂಡು ಹೋದಳು. ಗಂಡ ಒಂದು ಚಕ್ರವನ್ನು ಬೇಕಿಲ್ಲದಿದ್ದರೂ ತಿರುಗಿಸುತ್ತ ಕೂತಿದ್ದ.

"ಇಳಿಸಿದ್ರಾ?"

"ಕಲ್ಲಿನಿಂದ ಇಳಿಸಿದ್ರು. ದಾಖಲೆಯಿಂದ ಇಲ್ಲ," ಎಂದು ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ನಿಧಾನಕ್ಕೆ, ಏನನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಚಕ್ರ ತಿರುಗಿ ತಿರುಗಿ ನಿಂತಿತು. ಅವನು ಮತ್ತೆ ತಿರುಗಿಸಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರೇನ್ರೀ? ಸುಬೇದಾರ್ ಅಲ್ವಾ ಅಂತ ಕೇಳಿದ್ರಿ, ಅಷ್ಟೇ."

ಅವನು ತಲೆ ಕೆರೆದುಕೊಂಡ. "ಜನ ಕೇಳಿದ್ರೆ ಏನು ಹೇಳ್ಲಿ? ಈ ಹವಾಲ್ದಾರ್ ಒಂದು ಕತ್ತೆ ಅಂತ ಹೇಳ್ಲಾ?"

"ಹೇಳಿ. ಅವಳು ಆವತ್ತು ಹುಲ್ಲಿನ ಕಡೆ ಹೋಗಿದ್ರೆ, ಈ ಅಂಗಡೀಲಿ ಕೂತು ಹೇಳೋಕೆ ನೀವೇ ಇರ್ತಿರಲಿಲ್ಲ."

ಅವನು ಚಹಾ ಕುಡಿದು ಲೋಟ ಕೊಟ್ಟು, ಹೊರಗೆ ಬಂದು ತಲೆಯೆತ್ತಿ ಬೋರ್ಡು ನೋಡಿದ.

ವಾರ ಕಳೆದ ಮೇಲೆ ಬಟ್ಟೆ ಒಣಹಾಕುತ್ತಿದ್ದವಳಿಗೆ ಕೆಳಗಿನಿಂದ ಗಲಾಟೆ ಕೇಳಿಸಿತು. ಇಣುಕಿ ನೋಡಿದಳು. ಅಂಗಡಿಯ ಮುಂದೆ ಏಣಿ, ಏಣಿಯ ಮೇಲೆ ಬೋರ್ಡು ಬರೆಯುವವನು. ಕೆಂಪು ಅಕ್ಷರಗಳು ಇದ್ದಲ್ಲೇ ಇದ್ದವು. ಅವುಗಳ ಪಕ್ಕದಲ್ಲಿ ಕರಿಯದೊಂದು ಮುಖ ಮೂಡುತ್ತಿತ್ತು. ಎದುರಿನ ಕ್ಷೌರದಂಗಡಿಯವನು ಅರ್ಧ ಗಡ್ಡ ಕೆರೆದ ಗಿರಾಕಿಯ ಸಮೇತ ಬೀದಿಗೆ ಬಂದು ನಿಂತಿದ್ದ.

"ಏನಯ್ಯಾ ಇದು, ಕುದುರೆಯಾ?"

"ಅಲ್ಲ, ಹವಾಲ್ದಾರ್," ಎಂದ ಗಂಡ, ಎರಡೂ ಕೈಯಿಂದ ಏಣಿ ಹಿಡಿದುಕೊಂಡೇ.

ಮಾವ ನಡುಬೀದಿಯಲ್ಲಿ, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನಿಂತಿದ್ದರು. ಸೈಕಲ್ಲಿನವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.

"ತಪ್ಪು, ತಪ್ಪು. ಕಿವಿ ಇನ್ನೂ ಉದ್ದ."

"ಇಷ್ಟು ಸಾಕಾ ಅಜ್ಜ?"

"ಇನ್ನೂ. ನಾನು ಕೆಳಗೆ ಬಿದ್ದು ನೋಡಿದವನಪ್ಪಾ, ನನಗೆ ಗೊತ್ತಿಲ್ವಾ? ಹಾಂ, ಹಾಗೆ. ಇನ್ನು ಆ ಕಿವೀನೂ ಇದರ ಸಮ ಮಾಡು. ಒಂದು ಕೂದಲು ಹೆಚ್ಚುಕಮ್ಮಿ ಆದ್ರೂ ಅವಳು ಒಪ್ಪಲ್ಲ."

ಬೋರ್ಡಿನವನು ಕುಂಚ ಅದ್ದಿ ಕೇಳಿದ. "ಹವಾಲ್ದಾರ್ ಪಟ್ಟಿ ಎಲ್ಲಿ ಬರೀಲಿ?"

ಮಾವ ಒಂದು ಹೆಜ್ಜೆ ಮುಂದೆ ಬಂದರು. "ಕೊರಳಲ್ಲಿ. ಎಡಗಡೆ."

ಸೊಸೆ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಒಮ್ಮೆ ಜಾಡಿಸಿದಳು. ಅದರ ಜೇಬನ್ನು ಹೊರಮಗುಚಿ, ಬಿಸಿಲಿಗೆ ಹರವಿ ಹಾಕಿದಳು. ಸಂಜೆ ಚಹಾ ಹೊತ್ತಿಗೆ ಒಣಗಿರಬೇಕು.