ಆಯುಧಪೂಜೆಯಂದು ಏಳದ ಸರ್ವರ್

ನಾನೊಂದು ಸರ್ವರ್. ಹೆಸರು ಕೇಳಿ ದೊಡ್ಡ ಕುಳ ಅಂದುಕೊಳ್ಳಬೇಡಿ. ಚಪ್ಪಟೆ ಟ್ರಂಕಿನಂಥ ಕಬ್ಬಿಣದ ಪೆಟ್ಟಿಗೆ. ಒಳಗೆ ಎರಡು ಡಿಸ್ಕು, ಸದಾ ಕೂಗುವ ನಾಲ್ಕು ಫ್ಯಾನು. ಹುಟ್ಟಿದ್ದು ಯಾವ ದೇಶದ ಕಾರ್ಖಾನೆಯಲ್ಲೋ! ಜೋಡಿಸಿದವರು ಕೈಗವಸು ಹಾಕಿದ್ದರಿಂದ ಹೆತ್ತವರ ಕೈ ಬಿಸಿಯೇ ನನಗೆ ಗೊತ್ತಿಲ್ಲ. ಮೊದಲು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ದುಡಿದೆ. ಅಲ್ಲಿಗೆ ಹೊಸದು ಬಂದಾಗ ನನ್ನನ್ನು ಗದಗಿನ ಒಂದು ಆಸ್ಪತ್ರೆಗೆ ದಾಟಿಸಿದರು. ಸಂತೆಯಲ್ಲಿ ಹಳೆ ಎತ್ತನ್ನಾದರೂ ಹಲ್ಲು ನೋಡಿ ಕೊಳ್ಳುತ್ತಾರೆ. ನನ್ನನ್ನು ಯಾರೂ ಮುಟ್ಟಿ ಕೂಡ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಸಿಕ್ಕ ಜಾಗ ಮೆಟ್ಟಿಲ ಕೆಳಗಿನ ಗೂಡು. ಹೊರೆ ಮಾತ್ರ ಬೆಟ್ಟದಷ್ಟು. ಹೊರಗಿನಿಂದ ನಾನು ಒಂದೇ ಮಷೀನು, ಒಳಗೆ ಐದಾರು ಕಂಪ್ಯೂಟರುಗಳು ಬೇರೆ ಬೇರೆಯಾಗಿ ಬದುಕುತ್ತಿದ್ದವು, ಒಂದೇ ವಠಾರದಲ್ಲಿ ತಮ್ಮ ತಮ್ಮ ಒಲೆ ಹೂಡಿದ ಸಂಸಾರಗಳ ಹಾಗೆ. ಒಂದರಲ್ಲಿ ರೋಗಿಗಳ ವಿವರ, ಒಂದರಲ್ಲಿ ರಕ್ತಪರೀಕ್ಷೆ, ಇನ್ನೊಂದರಲ್ಲಿ ಎಕ್ಸ್‌ರೇ, ಮತ್ತೊಂದರಲ್ಲಿ ಔಷಧಿ ಅಂಗಡಿ. ನಾನು ಬಿದ್ದೆನೆಂದರೆ ಇಡೀ ವಠಾರ ಬೀದಿಗೆ.

ನನ್ನನ್ನು ನೋಡಿಕೊಳ್ಳುತ್ತಿದ್ದವಳು ಸುನಂದಾ ಹೂಗಾರ. ಬಿ.ಇ. ಓದಿದವಳು, ಮೂಗಿನ ತುದಿಯಲ್ಲಿ ಸಿಟ್ಟು, ಗುತ್ತಿಗೆಯ ನೌಕರಿ. ಈ ದಸರಾ ಮುಗಿಯಲಿ, ಖಾಯಂ ಮಾಡೋಣ ಎಂದು ಆಡಳಿತಾಧಿಕಾರಿ ಕಳಕಪ್ಪನವರು ವರ್ಷವರ್ಷವೂ ಹೇಳುತ್ತಿದ್ದರು. ಆ ಮಾತಿಗೆ ಜೋತುಬಿದ್ದು ಅವಳು ಕೈಗೆ ಬಂದ ಬೇರೆ ನೌಕರಿಗಳನ್ನೂ ಬಿಟ್ಟಿದ್ದಳು. ಮಧ್ಯಾಹ್ನ ನನ್ನ ಮುಂದೆಯೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತ, ಅವರಿಗೆ ಬೈಯಬೇಕಾದದ್ದನ್ನೆಲ್ಲ ನನಗೆ ಬೈಯುತ್ತಿದ್ದಳು. ನನಗೆ ಅದೇ ಹಿತವಾಗಿತ್ತು.

ಒಮ್ಮೆ ನನ್ನ ಮೊದಲ ಡಿಸ್ಕು ಸತ್ತಿತು. ಎರಡನೆಯದರಲ್ಲಿ ಎಲ್ಲ ಮಾಹಿತಿಯ ನಕಲಿದ್ದದ್ದರಿಂದ ಕೆಲಸ ನಿಲ್ಲಲಿಲ್ಲ. ನಾನು ಓಡುತ್ತಿರುವಾಗಲೇ ಸುನಂದಾ ಹೊಸ ಡಿಸ್ಕು ಕೂರಿಸಿದಳು. ಆದರೆ ಸತ್ತದ್ದರಲ್ಲಿ ಮಾತ್ರ ಇದ್ದ ಬೂಟ್‌ಲೋಡರ್ ಅದರ ಜೊತೆಗೇ ಹೋಗಿತ್ತು. ಕರೆಂಟು ಬಂದು ಕಣ್ಣು ಬಿಟ್ಟಾಗ ನನಗೆ ಏನೂ ನೆನಪಿರುವುದಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ಹೇಳಿಕೊಡುವ ಪುಟ್ಟ ಪ್ರೋಗ್ರಾಮು ಅದು. ಅದನ್ನೂ ಮತ್ತೆ ಹಾಕಿದಳು. ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ನನ್ನನ್ನೊಮ್ಮೆ ಆರಿಸಿ ಎಬ್ಬಿಸಿಯೇ ನೋಡಬೇಕು. ಒಂದು ಭಾನುವಾರ ಅರ್ಧ ತಾಸು ಬಂದ್ ಮಾಡಲು ಬಿಡಿ ಎಂದು ಕಳಕಪ್ಪನವರನ್ನು ಕೇಳಿ ಕೇಳಿ ಅವಳ ಬಾಯಿ ಒಣಗಿತು. ಆಸ್ಪತ್ರೆ ಅಂದರೆ ಚಹಾದಂಗಡಿ ಅಲ್ಲ, ಅರ್ಧ ನಿಮಿಷವೂ ನಿಲ್ಲುವಂತಿಲ್ಲ ಎಂದು ಗದರಿಸಿ ಕಳಿಸಿದರು.

ಅದೇ ಮಹಾನುಭಾವರು ಆಯುಧಪೂಜೆಯ ಬೆಳಿಗ್ಗೆ ತಟ್ಟೆ ಹಿಡಿದು ನನ್ನ ಗೂಡಿಗೆ ಬಂದರು. ಆಂಬುಲೆನ್ಸಿಗೆ, ಜನರೇಟರಿಗೆ ಚೆಂಡುಹೂವಿನ ಮಾಲೆ ಬಿದ್ದಾಗಿತ್ತು. ಓಡುವ ಯಂತ್ರಕ್ಕೆ ಪೂಜೆ ಸಲ್ಲದು, ನಿಲ್ಲಿಸಿ, ಒರೆಸಿ, ವಿಭೂತಿ ಹಚ್ಚಬೇಕು ಎಂಬುದು ಅವರ ಮನೆಯ ಹಿಟ್ಟಿನ ಗಿರಣಿಯ ಪದ್ಧತಿ. ಗಿರಣಿಗೂ ನನಗೂ ಅವರ ಕಣ್ಣಲ್ಲಿ ಭೇದವಿರಲಿಲ್ಲ. ಸುನಂದಾ ಅಡ್ಡ ನಿಂತಳು.

“ಸಾಹೇಬ್ರ, ಇದನ್ನ ಬಂದ್ ಮಾಡಬ್ಯಾಡ್ರಿ. ಹೊಳ್ಳಿ ಏಳತೈತಿ ಅಂತ ನನಗ ಖಾತ್ರಿ ಇಲ್ಲ.”

“ದೇವರ ಕೆಲಸದಾಗ ಅಪಶಕುನ ನುಡೀಬ್ಯಾಡ ತಂಗಿ,” ಎಂದವರೇ ಸ್ವಿಚ್ಚು ಆರಿಸಿಬಿಟ್ಟರು.

ಕಾಯಿ ಒಡೆದರು, ಊದುಬತ್ತಿ ಬೆಳಗಿದರು, ಹಣೆಗೆ ಕುಂಕುಮ ಇಟ್ಟರು. ಮತ್ತೆ ಸ್ವಿಚ್ಚು ಹಾಕಿದರು. ಫ್ಯಾನು ಕೂಗಿತು, ಅಷ್ಟೇ. ಕರಿ ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತ ನಿಂತಿತು. ನನ್ನೊಳಗೆ ಎಲ್ಲವೂ ಇತ್ತು; ಎಲ್ಲಿಂದ ಶುರು ಮಾಡಲಿ ಎಂಬುದೊಂದೇ ತಿಳಿಯುತ್ತಿರಲಿಲ್ಲ. ಹೊರಗೆ ರಕ್ತದ ರಿಪೋರ್ಟಿಗೆ ಕಾದವರು ಕೂಗಾಡತೊಡಗಿದರು. ಅಪಘಾತವಾಗಿ ಬಂದವನೊಬ್ಬನ ಎಕ್ಸ್‌ರೇ ತೆರೆಯದೆ ಡಾಕ್ಟರು ಕಳಕಪ್ಪನವರನ್ನೇ ಹುಡುಕಿಕೊಂಡು ಬಂದರು. ಪ್ರಸಾದದ ತಟ್ಟೆ ಹಿಡಿದೇ ಅವರು ಹಿಂಬಾಗಿಲಿಂದ ಜಾರಿದರು.

ಸುನಂದಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಪೆನ್‌ಡ್ರೈವಿನಿಂದ ನನ್ನನ್ನು ಅರ್ಧ ಎಚ್ಚರಿಸಿ ಒಳಗೆಲ್ಲ ತಡಕಾಡಿದಳು. ನಾನು ಏಳುವುದು ಹೊಸ ಪದ್ಧತಿಯಲ್ಲಿ, ಅವಳು ಹಾಕಿದ್ದ ಬೂಟ್‌ಲೋಡರ್ ಹಳೆ ಪದ್ಧತಿಯದು. ಆ ಭಾನುವಾರದ ಅರ್ಧ ತಾಸು ಕೊಟ್ಟಿದ್ದರೆ ಅಂದೇ ತಿಳಿಯುತ್ತಿದ್ದ ತಪ್ಪು. ಹಲ್ಲು ಕಚ್ಚಿಕೊಂಡು ಎರಡೂ ಡಿಸ್ಕಿಗೆ ಸರಿಯಾದದ್ದನ್ನು ಹೊಸದಾಗಿ ಹಾಕಿದಳು. ಎದ್ದೆ! ಒಳಗಿನ ಸಂಸಾರಗಳೂ ಒಂದೊಂದಾಗಿ ಎದ್ದವು. ರಿಪೋರ್ಟುಗಳು ಹೋದವು, ಹೊರಗಿನ ಗದ್ದಲ ಅಡಗಿತು. ಅವಳಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಜನ ಕರಗಿದ ಮೇಲೆ, ಯಾವ ಡಿಸ್ಕು ಸತ್ತರೂ ನಾನು ಏಳುತ್ತೇನೋ ನೋಡಲು ಒಂದನ್ನು ಕಿತ್ತು ಎಬ್ಬಿಸಿದಳು, ಅದನ್ನು ಕೂರಿಸಿ ಇನ್ನೊಂದನ್ನು ಕಿತ್ತು ಎಬ್ಬಿಸಿದಳು. ಈ ಸಲ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೊನೆಗೆ ನನ್ನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಅತ್ತಳು.

ಮರುದಿನ ಕಳಕಪ್ಪನವರು ಬಂದು ಬಾಗಿಲು ಮುಂದೆ ಮಾಡಿದರು. ಆಸ್ಪತ್ರೆ ನಡೆಸುವ ಟ್ರಸ್ಟಿನವರು ಬೆಂಕಿಯಾಗಿದ್ದಾರಂತೆ.

“ಡಿಸ್ಕ್ ಹಾಕೂದ್ರಾಗ ನನ್ನ ತಪ್ಪಾತು ಅಂತ ಮೀಟಿಂಗ್‌ನ್ಯಾಗ ಹೇಳಿಬಿಡು. ಪೂಜಿ ಮಾತು ಎತ್ತಬ್ಯಾಡ. ನಿನ್ನ ಖಾಯಂ ಮಾಡಸೂದು ನನ್ನ ಜವಾಬ್ದಾರಿ.”

ಅರ್ಧ ನಿಜವಾದ ಸುಳ್ಳು ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಅವಳು ಹೂಂ ಅಂದಳು. ಬೇಡ ಕಣೇ ಎಂದು ಹೇಳಲು ನನಗೆಲ್ಲಿದೆ ಬಾಯಿ?

ಮೀಟಿಂಗು ಮುಗಿಸಿ ಬಂದವಳು ಬುತ್ತಿ ಡಬ್ಬಿ, ಪೆನ್‌ಡ್ರೈವು ಚೀಲಕ್ಕೆ ತುಂಬುತ್ತ ಎಲ್ಲ ನನಗೇ ಹೇಳಿದಳು. ತಪ್ಪು ತನ್ನದೇ ಎಂದು ಅವಳು ಹೇಳಿದಳಂತೆ. ಅವಳೇ ಒಪ್ಪಿಕೊಂಡ ಮೇಲೆ ಇಂಥವರ ಕೈಗೆ ಆಸ್ಪತ್ರೆ ಒಪ್ಪಿಸುವುದು ಹೇಗೆ ಎಂದು ಮೊದಲು ಕೇಳಿದವರು ಕಳಕಪ್ಪನವರೇ ಅಂತೆ. ಗುತ್ತಿಗೆಯೂ ಅಲ್ಲಿಗೇ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

“ನನ್ನ ಬಾಯಿಂದನ ನನ್ನ ಅನ್ನ ಕಳಕೊಂಡೆ ನೋಡು,” ಎಂದಳು. ನನ್ನ ಹಣೆಯ ಕುಂಕುಮ ಒರೆಸಿ ಹೋದಳು. ಮತ್ತೆ ಅವಳನ್ನು ನಾನು ಕಾಣಲಿಲ್ಲ.

ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ಬೇಕಾಗಲೂ ಇಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗುತ್ತಿತ್ತು, ಬ್ಯಾಟರಿ ಕೈ ಕೊಡುತ್ತಿತ್ತು. ಪ್ರತಿ ಸಲವೂ ನಾನಾಗಿಯೇ ಎದ್ದೆ. ಕಳಕಪ್ಪನವರು ಬಂದವರನ್ನೆಲ್ಲ ನನ್ನ ಮುಂದೆ ನಿಲ್ಲಿಸಿ ಹೇಳುತ್ತಿದ್ದರು: “ನೋಡ್ರಿ, ಆಕಿನ್ನ ತೆಗೆದ ಮ್ಯಾಲೆ ಈ ಮಷೀನು ಒಂದ್ ಸರ್ತೀನೂ ಕೆಟ್ಟಿಲ್ಲ.” ಕೇಳಿದವರು ತಲೆಯಾಡಿಸುತ್ತಿದ್ದರು.

ಈಗ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಕೂಲರುಗಳ ನಡುವೆ ಬಿದ್ದಿದ್ದೇನೆ. ಬಿಚ್ಚುವ ಮೊದಲು ಅಂಗಡಿಯವನು ಕರೆಂಟು ಕೊಟ್ಟು ನೋಡಿದ, ಎದ್ದೆ. ಇಷ್ಟು ಗಟ್ಟಿ ಇದ್ದದ್ದನ್ನು ಯಾಕೆ ಎಸೆದರೋ ಎಂದು ಗೊಣಗಿದ. ಆ ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಏಳದೆ ಬಿದ್ದುಕೊಂಡು ಕಳಕಪ್ಪನವರ ಮಾತನ್ನು ಸುಳ್ಳು ಮಾಡಬೇಕೆಂದು ಎಷ್ಟು ಹಂಬಲಿಸಿದ್ದೆ! ಆಗಲೇ ಇಲ್ಲ. ಹುಡುಗಿ ನನ್ನನ್ನು ಅಷ್ಟು ಸರಿಯಾಗಿ ರಿಪೇರಿ ಮಾಡಿ ಹೋಗಿದ್ದಳು.